ಹಾವು ಊಟ ಬಿಟ್ಟಾಗ ನಾನು ಮೊದಲು ನೋಡುವುದು ಪೆಟ್ಟಿಗೆಯ ಬಿಸಿ

ನಾನು ಸಾಕುತ್ತಿರುವುದು ಬಾಲ್ ಪೈಥಾನ್. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಪುಟ್ಟ ಹೆಬ್ಬಾವು. ವಿಷವಿಲ್ಲ, ಸ್ವಭಾವ ನಿಧಾನ, ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುತ್ತದೆ. ಆದರೆ ಹೊಸದಾಗಿ ತಂದವರನ್ನು ಕಂಗೆಡಿಸುವ ಗುಣ ಒಂದಿದೆ. ಇದು ಇದ್ದಕ್ಕಿದ್ದಂತೆ ಊಟ ಬಿಟ್ಟುಬಿಡುತ್ತದೆ. ಆಗ ಎಲ್ಲರೂ ಇಲಿ ಬದಲಾಯಿಸಲು ಹೊರಡುತ್ತಾರೆ. ನಾನು ಇಲಿಯ ಕಡೆ ನೋಡುವುದೇ ಇಲ್ಲ, ಮೊದಲು ಪೆಟ್ಟಿಗೆ ನೋಡುತ್ತೇನೆ.

ಕಾರಣ ಸರಳ. ಹಾವಿನ ಮೈ ತಾನಾಗಿ ಬಿಸಿಯಾಗುವುದಿಲ್ಲ. ಹೊರಗಿನ ಶಾಖ ಸಿಕ್ಕಿದರೆ ಮಾತ್ರ ತಿಂದದ್ದು ಅರಗುತ್ತದೆ. ಶಾಖ ಸಾಲದಿದ್ದರೆ ಇಲಿ ಹೊಟ್ಟೆಯಲ್ಲೇ ಕೊಳೆಯಲು ಶುರುವಾಗುತ್ತದೆ, ಹಾವು ಅದನ್ನು ವಾಂತಿ ಮಾಡುತ್ತದೆ. ಹಾಗಾಗಿ ಹಾವು ಮನೆಗೆ ಬರುವ ಮೊದಲೇ ಪೆಟ್ಟಿಗೆ ಸಿದ್ಧವಾಗಿತ್ತು. ಹೀಟರ್, ಅದರ ಬಿಸಿ ಮಿತಿ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಎಲ್ಲ ಜೋಡಿಸಿ, ಹಗಲು ರಾತ್ರಿ ಬಿಸಿ ಒಂದೇ ಸಮ ನಿಲ್ಲುತ್ತದೆಯೇ ಎಂದು ನೋಡಿದ ಮೇಲೆಯೇ ಮರಿಯನ್ನು ತಂದೆ. ಒಂದು ತುದಿ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇನ್ನೊಂದು ತುದಿ 26ರ ಹತ್ತಿರ. ಬಿಸಿ ಬೇಕಾದಾಗ ಆ ಕಡೆ, ಸಾಕೆನಿಸಿದಾಗ ಈ ಕಡೆ, ಅದೇ ಆರಿಸಿಕೊಳ್ಳುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕಲೇಬೇಡಿ. ಬಿಸಿ ನೆಲದ ಮೇಲೆ ಮಲಗಿದ ಹಾವು ಹೊಟ್ಟೆ ಸುಟ್ಟುಕೊಳ್ಳುತ್ತಿದ್ದರೂ ಎದ್ದು ಹೋಗದೆ ಇರಬಹುದು.

ಇನ್ನೊಂದು ವಿಷಯ ಅಡಗುತಾಣ. ಕಾಡಿನಲ್ಲಿ ಈ ಹಾವು ಇಲಿ ಬಿಲದಲ್ಲೋ ಗೆದ್ದಲು ಹುತ್ತದಲ್ಲೋ ಹಗಲು ಕಳೆಯುತ್ತದೆ. ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಮರೆಯಿಲ್ಲದೆ ಬಿಟ್ಟರೆ ಅದಕ್ಕೆ ನೆಮ್ಮದಿ ಎಲ್ಲಿಂದ ಬರಬೇಕು? ನಾನು ಬಿಸಿ ಕಡೆ ಒಂದು, ತಂಪು ಕಡೆ ಒಂದು ಗೂಡು ಇಟ್ಟಿದ್ದೇನೆ. ಎರಡೂ ಇಕ್ಕಟ್ಟು. ಸುತ್ತಿಕೊಂಡು ಮಲಗಿದಾಗ ಗೂಡಿನ ಗೋಡೆ ಮೈಗೆ ತಾಗಬೇಕು. ತಂಪು ಕಡೆ ಮಾತ್ರ ಗೂಡಿದ್ದರೆ ಹಾವು ಬಿಸಿ ಬಿಟ್ಟು ಭದ್ರತೆಯನ್ನೇ ಆರಿಸಿಕೊಳ್ಳುತ್ತದೆ, ಆಮೇಲೆ ತಿಂದದ್ದು ಅರಗುವುದಿಲ್ಲ. ಪೆಟ್ಟಿಗೆಯ ಮೂರು ಬದಿಗೂ ಕಾಗದ ಅಂಟಿಸಿದ್ದೇನೆ. ನೋಡಲು ಚೆಂದ ಕಾಣುವುದಿಲ್ಲ, ಆದರೆ ಮರಿಗೆ ಅದು ಬೇಕು. ಮುಚ್ಚಳಕ್ಕೆ ಚಿಲಕ ಇರಲೇಬೇಕು. ತಲೆ ತೂರುವಷ್ಟು ಸಂದಿ ಸಿಕ್ಕರೆ ಇಡೀ ಹಾವು ಹೊರಗೆ ಹೋಗುತ್ತದೆ.

ಬಂದ ಮೊದಲ ವಾರ ನೀರು ಬದಲಾಯಿಸುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಮುಟ್ಟಲಿಲ್ಲ, ಯಾರಿಗೂ ತೋರಿಸಲಿಲ್ಲ. ಇದು ಕಷ್ಟದ ವಾರ, ನನಗೆ ಗೊತ್ತು. ಆಸೆಪಟ್ಟು ತಂದ ಪ್ರಾಣಿಯನ್ನು ಸುಮ್ನೆ ಬಿಟ್ಟಿರುವುದು ಸುಲಭ ಅಲ್ಲ. ಆದರೂ ಬಿಡಿ. ಹೊಸ ಜಾಗದ ವಾಸನೆಗೆ ಅದು ಒಗ್ಗಿಕೊಳ್ಳಬೇಕು.

ಅದಾದ ಮೇಲೆ ಮೊದಲ ಊಟ. ನಾನು ಕೊಡುವುದು ಫ್ರೀಜರ್‌ನಲ್ಲಿಟ್ಟ ಸತ್ತ ಇಲಿ. ಬದುಕಿರುವ ಇಲಿ ಕಚ್ಚುತ್ತದೆ. ಹಸಿವಿಲ್ಲದ ಹಾವಿನ ಜೊತೆ ಅದನ್ನು ಬಿಟ್ಟರೆ ಹಾವಿನ ಚರ್ಮ, ಕಣ್ಣು ಎಲ್ಲಕ್ಕೂ ಗಾಯವಾಗಬಹುದು. ಹಿಂದಿನ ರಾತ್ರಿಯೇ ಇಲಿಯನ್ನು ಫ್ರಿಜ್‌ನ ಕೆಳಭಾಗಕ್ಕೆ ಇಳಿಸುತ್ತೇನೆ. ಮರುದಿನ ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಇಡುತ್ತೇನೆ. ಮೈಕ್ರೋವೇವ್ ಬೇಡವೇ ಬೇಡ, ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬೆಂದುಹೋಗುತ್ತದೆ. ಇಲಿಯ ಹೊಟ್ಟೆಯೊಳಗೂ ಮಂಜುಗಡ್ಡೆ ಉಳಿದಿಲ್ಲ ಎಂದು ಒತ್ತಿ ನೋಡುತ್ತೇನೆ. ಕೊಡುವ ಹೊತ್ತಿಗೆ ಇಲಿಯ ತಲೆ 38 ಡಿಗ್ರಿಯಷ್ಟು ಬೆಚ್ಚಗಿರಬೇಕು. ಈ ಹಾವಿನ ತುಟಿಯ ಮೇಲೆ ಶಾಖ ಗುರುತಿಸುವ ಸಣ್ಣ ಗುಳಿಗಳಿವೆ. ಕತ್ತಲಲ್ಲಿ ಅದು ಬೇಟೆಯನ್ನು ಕಂಡುಕೊಳ್ಳುವುದು ವಾಸನೆ ಮತ್ತು ಆ ಬಿಸಿಯಿಂದ. ತಣ್ಣಗಿನ ಇಲಿ ಅದರ ಲೆಕ್ಕದಲ್ಲಿ ಬೇಟೆಯೇ ಅಲ್ಲ. ಎಷ್ಟೋ ಸಲ ಬೇಡ ಅಂದ ಇಲಿಯನ್ನೇ ಮತ್ತೆ ಬೆಚ್ಚಗೆ ಮಾಡಿ ಕೊಟ್ಟಾಗ ಮರಿ ತಟ್ಟನೆ ಹಿಡಿದಿದೆ.

ದೀಪ ಕಡಿಮೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಗೂಡಿನ ಬಾಯಿಯ ಹತ್ತಿರ ನಿಧಾನವಾಗಿ ಅಲ್ಲಾಡಿಸುತ್ತೇನೆ. ಮೂತಿಗೆ ಚುಚ್ಚಬಾರದು, ಹೆದರುತ್ತದೆ. ಬೇಡ ಅಂದರೆ ಇಲಿಯನ್ನು ಅಲ್ಲೇ ಇಟ್ಟು ಹೋಗುತ್ತೇನೆ. ಬೆಳಿಗ್ಗೆಗೂ ಹಾಗೇ ಇದ್ದರೆ ಎಸೆಯುತ್ತೇನೆ, ಮತ್ತೆ ಫ್ರೀಜರ್‌ಗೆ ಹಾಕುವುದಿಲ್ಲ. ಮುಂದಿನ ಪ್ರಯತ್ನ ಒಂದು ವಾರ ಬಿಟ್ಟು. ದಿನಾ ಇಲಿ ತೋರಿಸಿದರೆ ಅದರ ಗಾಬರಿ ಜಾಸ್ತಿ ಆಗುತ್ತದೆ ಅಷ್ಟೇ.

ಇಲಿಯ ಗಾತ್ರ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿದ್ದರೆ ಸಾಕು. ಮರಿಗೆ ಅದರ ತೂಕದ ನೂರಕ್ಕೆ 10ರಷ್ಟು, ವಾರಕ್ಕೊಮ್ಮೆ. ಬೆಳೆದ ಹಾವಿಗೆ ಎರಡರಿಂದ ನಾಲ್ಕು ವಾರಕ್ಕೊಂದು ಊಟ ಧಾರಾಳ. ತಿಂದ ಮೇಲೆ 48 ಗಂಟೆ ಮುಟ್ಟುವಂತಿಲ್ಲ. ವಾಂತಿ ಮಾಡಿದರೆ ಕನಿಷ್ಠ ಹತ್ತು ದಿನ ಹೊಟ್ಟೆಗೆ ಬಿಡುವು ಕೊಟ್ಟು, ಆಮೇಲೆ ಸಣ್ಣ ಇಲಿಯಿಂದ ಶುರು ಮಾಡಬೇಕು. ಮತ್ತೆ ಮತ್ತೆ ವಾಂತಿಯಾದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಪೊರೆ ಬಿಡುವ ಸಮಯದಲ್ಲೂ ಊಟ ನಿಲ್ಲುತ್ತದೆ. ಮೈ ಬಣ್ಣ ಮಂಕಾಗುತ್ತದೆ, ಕಣ್ಣು ಹಾಲು ಬೆರೆಸಿದಂತೆ ನೀಲಿಯಾಗುತ್ತದೆ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ರೇಗುತ್ತದೆ. ನಾನು ಇಲಿ ತೋರಿಸುವುದಿಲ್ಲ, ತೇವಾಂಶ ಮಾತ್ರ ಸ್ವಲ್ಪ ಏರಿಸುತ್ತೇನೆ. ಪೊರೆ ತುಂಡಾಗದೆ ಒಂದೇ ಸಮ ಬಂದಿದೆಯೇ, ಕಣ್ಣಿನ ಮೇಲಿನ ಪೊರೆಯೂ ಬಂದಿದೆಯೇ ಎಂದು ಬಿಡಿಸಿ ನೋಡುವುದು ಮುಖ್ಯ. ಕಣ್ಣಿನದು ಉಳಿದಿದ್ದರೆ ಕೈಯಿಂದ ಕೀಳಬೇಡಿ.

ಇಷ್ಟೆಲ್ಲ ಸರಿಯಿದ್ದೂ ಬೆಳೆದ ಬಾಲ್ ಪೈಥಾನ್ ತಂಪು ತಿಂಗಳುಗಳಲ್ಲಿ ಏನೂ ತಿನ್ನದೆ ಇರಬಹುದು. ಅದರ ಹುಟ್ಟುಗುಣವೇ ಹಾಗೆ. ಆಗ ನನಗೆ ಧೈರ್ಯ ಕೊಡುವುದು ತಕ್ಕಡಿ. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ತೂಗುತ್ತೇನೆ, ತಾರೀಖು ಹಾಕಿ ಬರೆದಿಡುತ್ತೇನೆ. ತೂಕ ಹಾಗೇ ಇದ್ದರೆ ಕಾಯುತ್ತೇನೆ. ನೂರಕ್ಕೆ 10ರಷ್ಟು ಇಳಿದರೆ ಕಾಯುವುದಿಲ್ಲ, ವೈದ್ಯರಿಗೆ ತೋರಿಸುತ್ತೇನೆ. ಮರಿಯಾದರೆ ಅಷ್ಟೂ ತಾಳ್ಮೆ ಬೇಡ, ಅದರ ಮೈಯಲ್ಲಿ ಕೂಡಿಟ್ಟದ್ದು ಕಡಿಮೆ. ಬಾಯಿಗೆ ತುರುಕುವ ಕೆಲಸಕ್ಕೆ ಮಾತ್ರ ನೀವಾಗಿಯೇ ಕೈ ಹಾಕಬೇಡಿ.

ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ನಮ್ಮ ಮನೆಯ ಕಡ್ಡಾಯ ನಿಯಮ. ಆರೋಗ್ಯವಾಗಿ ಕಾಣುವ ಹಾವಿನ ಮೈಮೇಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಪುಟ್ಟ ಮಕ್ಕಳಿಗೆ ಅದು ಅಪಾಯ. ಬಾಯಿ ತೆರೆದು ಉಸಿರಾಡುವುದು, ಮೂಗಲ್ಲಿ ಗುಳ್ಳೆ, ಸಿಳ್ಳೆಯಂಥ ಸದ್ದು, ನೀರಿನ ಬಟ್ಟಲಲ್ಲಿ ಸಾಸಿವೆಯಂತೆ ತೇಲುವ ಕಪ್ಪು ಹುಳುಗಳು, ಇವುಗಳಲ್ಲಿ ಯಾವುದು ಕಂಡರೂ ಸರೀಸೃಪ ಗೊತ್ತಿರುವ ಪಶುವೈದ್ಯರ ಬಳಿ ತಡಮಾಡದೆ ಹೋಗಿ. ತೂಕ ಬರೆದ ಪುಸ್ತಕವನ್ನೂ ಪೆಟ್ಟಿಗೆಯ ಎರಡು ತುದಿಯ ತಾಪಮಾನವನ್ನೂ ಜೊತೆಗೆ ಒಯ್ಯಿರಿ. ಅವರು ಮೊದಲು ಕೇಳುವುದು ಅದನ್ನೇ.