ಸೊಳ್ಳೆ ಮುಲಾಮು ತಗುಲಿದ ಗಿಟಾರ್: ನನ್ನ ಅನುಭವ

ಡೊಂಬಿವಲಿಯ ಮಳೆಗಾಲದ ಒಂದು ಸಂಜೆ, ಸೊಳ್ಳೆಗಳ ಕಾಟ ತಾಳಲಾರದೆ ಕೈಗಳಿಗೆ ಮುಲಾಮು ಹಚ್ಚಿಕೊಂಡು ಒಂದು ಗಂಟೆ ಗಿಟಾರ್ ನುಡಿಸಿದೆ. ಆಮೇಲೆ ಎಂದಿನಂತೆ ಅದನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಮರುದಿನ ತೆಗೆದು ನೋಡಿದಾಗ, ಬಲ ಮುಂಗೈ ಊರುವ ಅಂಚಿನಲ್ಲಿ ಅಂಗೈಯಗಲದ ಜಾಗ ಮೆರುಗು ಕಳೆದುಕೊಂಡು ಮಂಕಾಗಿತ್ತು; ಬೆಳಕಿಗೆ ಓರೆಯಾಗಿ ಹಿಡಿದರೆ ಪಂಚೆಯ ಹಾಸುಹೊಕ್ಕಿನ ಎಳೆಗಳು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಲೇಪದಲ್ಲಿ ಅಚ್ಚೊತ್ತಿದ್ದವು. 13 ವರ್ಷ ಜೋಪಾನ ಮಾಡಿದ ವಾದ್ಯವನ್ನು ಕೈಯಾರೆ ಕೆಡಿಸಿದೆನೆಂದು ಬಹಳ ನೊಂದೆ.

ನನ್ನ ಗಿಟಾರಿನ ಮರದ ಮೇಲಿರುವುದು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಮೆರುಗು ಲೇಪ. ಚನ್ನಪಟ್ಟಣದ ಬೊಂಬೆಗಳಿಗೆ ಹಚ್ಚುವ ಅರಗಿಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಇದು ಸಸ್ಯದ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆದ ವಸ್ತು, 1920ರ ದಶಕದಲ್ಲಿ ಮೋಟಾರು ಕಾರುಗಳ ಬಣ್ಣಕ್ಕೂ ಗಿಟಾರುಗಳಿಗೂ ಬಳಕೆಗೆ ಬಂದದ್ದು. ಪಾಲಿಯುರೆಥೇನ್ ಲೇಪ ರಾಸಾಯನಿಕ ಕ್ರಿಯೆಯಿಂದ ಗಟ್ಟಿಗೊಂಡರೆ, ಲ್ಯಾಕರ್ ತನ್ನೊಳಗಿನ ದ್ರಾವಕ ಆವಿಯಾಗುವುದರಿಂದಷ್ಟೇ ಒಣಗುತ್ತದೆ. ಹೀಗಾಗಿ ಎಷ್ಟು ವರ್ಷ ಕಳೆದರೂ ತಕ್ಕ ದ್ರಾವಕ ತಗುಲಿದೊಡನೆ ಮತ್ತೆ ಮೆತ್ತಗಾಗುತ್ತದೆ. ನನ್ನ ಮುಲಾಮಿನಲ್ಲಿದ್ದ, ಸೊಳ್ಳೆಗಳನ್ನು ದೂರವಿಡುವ ಡೀಟ್ ಎಂಬ ರಾಸಾಯನಿಕ ಅಂಥದ್ದೇ ದ್ರಾವಕ.

ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಆ ಜಾಗದ ಮೇಲೆ ಮೆಲ್ಲಗೆ ಒತ್ತಿ ಉಳಿದಿದ್ದ ಜಿಡ್ಡು ತೆಗೆದೆ; ಮೆತ್ತಗಾದ ಲ್ಯಾಕರನ್ನು ಉಜ್ಜಿದರೆ ಅದು ಬಟ್ಟೆಗೇ ಅಂಟಿಕೊಂಡು ಬರುತ್ತದೆ. ಬಳಿಕ ಆರು ವಾರ ನುಡಿಸದೆ, ಏನೂ ತಾಗದಂತೆ ಗೋಡೆಯ ಕೊಕ್ಕೆಗೆ ತೂಗುಹಾಕಿದೆ. ಕೊಕ್ಕೆಯ ರಬ್ಬರಿಗೆ ಮೊದಲೇ ಹತ್ತಿ ಬಟ್ಟೆ ಸುತ್ತಿದ್ದೆ, ಏಕೆಂದರೆ ರಬ್ಬರು ಮತ್ತು ವಿನೈಲ್‌ಗಳನ್ನು ಮೆದುವಾಗಿಸಲು ಬೆರೆಸುವ ಪದಾರ್ಥಗಳೂ ಲ್ಯಾಕರಿಗೆ ಇಳಿದು ಇದೇ ಬಗೆಯ ಹಾನಿ ಮಾಡುತ್ತವೆ. ಉಗುರಿನಿಂದ ಒತ್ತಿದರೂ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ, ಸಿಲಿಕೋನ್ ಇಲ್ಲದ ನಯವಾದ ಪಾಲಿಶನ್ನು ಕಡಲೆಕಾಳಿನಷ್ಟು ತೆಗೆದುಕೊಂಡು, ಫ್ಲಾನೆಲ್ ಬಟ್ಟೆಯಿಂದ ನಾಲ್ಕಾರು ಸುತ್ತು ತಿಕ್ಕುವುದು, ಒರೆಸಿ ನೋಡುವುದು, ಮತ್ತೆ ತಿಕ್ಕುವುದು, ಹೀಗೆ ಮೂರು ದಿನ ಮಾಡಿದೆ. ಮರಳು ಕಾಗದ ಬಳಸುವ ಧೈರ್ಯ ನನಗಾಗಲಿಲ್ಲ. ಲೇಪ ತೀರ ತೆಳು, ಅಂಚಿನಲ್ಲಂತೂ ಎರಡು ಸಲ ಹೆಚ್ಚು ತಿಕ್ಕಿದರೆ ಮರ ಕಾಣಿಸುತ್ತದೆ. ಮೆರುಗು ಬಹುಮಟ್ಟಿಗೆ ಮರಳಿತು. ಎಳೆಗಳ ಗುರುತು ಓರೆ ಬೆಳಕಿನಲ್ಲಿ ಈಗಲೂ ತುಸು ಕಾಣುತ್ತದೆ, ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಜುಲೈನಲ್ಲಿ ಇಲ್ಲಿನ ಗಾಳಿಯ ತೇವಾಂಶ ಶೇ. 80ನ್ನು ದಾಟುವುದರಿಂದ, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಶೇ. 50ರ ಆಸುಪಾಸಿನಲ್ಲಿ ಉಳಿಸಲು ಪ್ರಯತ್ನಿಸುತ್ತೇನೆ. ಊರಿಂದ ಎ.ಸಿ. ಬೋಗಿಯಲ್ಲಿ ಗಿಟಾರ್ ತಂದ ದಿನ ಪೆಟ್ಟಿಗೆಯನ್ನು ಎರಡು ಗಂಟೆ ತೆರೆಯುವುದಿಲ್ಲ. ತಾಪ ಒಮ್ಮೆಲೇ ಬದಲಾದಾಗ ಮರ ಮತ್ತು ಲ್ಯಾಕರ್ ಹಿಗ್ಗುವ ಪ್ರಮಾಣ ಬೇರೆ ಬೇರೆಯಾಗಿ, ಲೇಪದಲ್ಲಿ ಕೂದಲೆಳೆಯಂಥ ಬಿರುಕುಗಳು ಬೀಳುತ್ತವೆ. ಸಂಜೆ ನುಡಿಸುವಾಗ ಮುಲಾಮಿನ ಬದಲು ತುಂಬುತೋಳಿನ ಹತ್ತಿ ಅಂಗಿ ತೊಡುತ್ತೇನೆ, ಕಿಟಕಿಗೆ ಜಾಲರಿ ಹಾಕಿಸಿದ್ದೇನೆ. ಮನೆಗೆ ಬಂದವರು ಗಿಟಾರ್ ಕೇಳಿದರೆ, ಕೈಗೆ ಏನಾದರೂ ಹಚ್ಚಿಕೊಂಡಿದ್ದೀರಾ ಎಂದು ವಿಚಾರಿಸಿ, ಹೌದೆಂದರೆ ಮೊಣಕೈವರೆಗೆ ಸಾಬೂನಿನಿಂದ ತೊಳೆದು ಬರುವಂತೆ ಕೇಳಿಕೊಳ್ಳುತ್ತೇನೆ.