ಅಣ್ಣನ ರಕ್ತ ಮೂರು ಸಲ ‘ಓ’ ಅಂತ ಹೋಗಿತ್ತು

ಆ ಗರ್ಭಿಣಿಯ ಸ್ಯಾಂಪಲ್ ನಮ್ಮ ಬ್ಲಡ್ ಬ್ಯಾಂಕಿಗೆ ಬಂದಾಗ ಸಂಜೆ ಏಳು ಗಂಟೆ. ಹಿಮೋಗ್ಲೋಬಿನ್ ತೀರಾ ಕಡಿಮೆ, 6.8. ಹೆರಿಗೆಗೆ ಎರಡೇ ವಾರ. ಕಾರ್ಡಿನಲ್ಲಿ ‘ಓ ಪಾಸಿಟಿವ್’ ಎಂದಿತ್ತು. ನಮ್ಮ ಫ್ರಿಜ್ಜಿನಲ್ಲಿ ಯಾವತ್ತೂ ಇರುವ ಗ್ರೂಪ್ ಅದು. ಆದರೆ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್‌ಗೆ ಇಟ್ಟ ಐದು ಯೂನಿಟ್‌ಗಳಲ್ಲಿ ಒಂದೂ ಹೊಂದಲಿಲ್ಲ.

ಮೊದಲು ಅವರ ಸೀರಮ್ ಅನ್ನು, ಅಂದರೆ ರಕ್ತದಿಂದ ಕಣ ತೆಗೆದ ಮೇಲೆ ಉಳಿಯುವ ನೀರಿನಂಥ ಭಾಗವನ್ನು, ಅವರದೇ ಕೆಂಪು ಕಣಗಳ ಜೊತೆ ಇಟ್ಟು ನೋಡಿದೆ. ಏನೂ ಆಗಲಿಲ್ಲ. ಹಾಗಾದರೆ ಬೇರೆಯವರ ಕಣದಲ್ಲಿರುವ ಯಾವುದೋ ಗುರುತು ಇವರಲ್ಲಿಲ್ಲ. ರಿವರ್ಸ್ ಗ್ರೂಪಿಂಗ್ ಮಾಡಿದೆ, ಅಂದರೆ ಗ್ರೂಪ್ ಗೊತ್ತಿರುವ ಕಣಗಳ ಜೊತೆ ಅವರ ಸೀರಮ್ ಬೆರೆಸಿ ನೋಡಿದೆ. ಎ, ಬಿ ಕಣಗಳು ಅಂಟಿಕೊಂಡವು, ಸರಿ. ಆದರೆ ಅಂಟಿಕೊಳ್ಳಬಾರದ ಓ ಕಣಗಳೂ ಅಂಟಿಕೊಂಡವು! ಟ್ಯೂಬ್ ಅಲುಗಿಸಿದರೂ ಮುದ್ದೆ ಬಿಡಲಿಲ್ಲ. ಕೊನೆಗೆ ಆಂಟಿ-ಎಚ್ ಲೆಕ್ಟಿನ್ ಹಾಕಿದೆ. ಯೂಲೆಕ್ಸ್ ಅನ್ನುವ ಗಿಡದ ಬೀಜದಿಂದ ತೆಗೆಯುವ ದ್ರವ ಅದು. ಮಾಮೂಲಿ ಓ ಕಣಗಳು ಅದರಲ್ಲಿ ಕೂಡಲೇ ಮುದ್ದೆ ಕಟ್ಟುತ್ತವೆ. ಇವರದು ಕಟ್ಟಲಿಲ್ಲ. ಬಾಂಬೆ ಗ್ರೂಪ್.

1952ರಲ್ಲಿ ಮುಂಬೈಯಲ್ಲಿ ಡಾ. ಭೇಂಡೆ ಮತ್ತು ಅವರ ಸಂಗಡಿಗರು ಇದನ್ನು ಮೊದಲು ಗುರುತಿಸಿದರು. ಎ, ಬಿ ಎರಡಕ್ಕೂ ಅಡಿಪಾಯ ಎಚ್ ಅನ್ನುವ ಗುರುತು. ಓ ಗ್ರೂಪಿನವರಲ್ಲಿ ಆ ಅಡಿಪಾಯವಾದರೂ ಇರುತ್ತದೆ. ಬಾಂಬೆಯವರಲ್ಲಿ ಅದೂ ಇಲ್ಲ. ಅದಕ್ಕೇ ಅವರಿಗೆ ಓ ರಕ್ತ ಕೊಟ್ಟರೆ ದೇಹ ಅದನ್ನು ಹೊರಗಿನದೆಂದು ಎದುರಿಸಿ, ದೇಹದೊಳಗೇ ಕಣಗಳು ಒಡೆದು ಜೀವಕ್ಕೆ ಅಪಾಯ. ನಮ್ಮ ದೇಶದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಈ ಗ್ರೂಪ್ ಇರುತ್ತದೆ ಎನ್ನುತ್ತಾರೆ.

ಹೊರಗೆ ಅವರ ಗಂಡ ಕಾಯುತ್ತಿದ್ದರು. “ಡಾಕ್ಟ್ರೇ, ನಂದೂ ಓ ಪಾಸಿಟಿವ್. ನಂದೇ ತಗೊಳ್ಳಿ” ಎಂದರು. ಆಗದು ಎಂದು ಹೇಳುವುದು ಕಷ್ಟವಾಯಿತು. ವಿಷಯ ತಿಳಿಸಿದ ಮೇಲೆ ಅವರು ವಾಟ್ಸ್ಆ್ಯಪ್ ಗ್ರೂಪುಗಳಿಗೆ ಮೆಸೇಜ್ ಹಾಕಲು ಹೊರಟರು. ನಾನು ತಡೆದು ಕೇಳಿದೆ, “ನಿಮ್ಮ ಹೆಂಡತಿಗೆ ಅಣ್ಣ ತಮ್ಮ, ಅಕ್ಕ ತಂಗಿ ಎಷ್ಟು ಜನ?”

ನಾನು ಈ ಕೆಲಸದಲ್ಲಿ ಕಲಿತ ದೊಡ್ಡ ಪಾಠ ಇದೇ. ಬಾಂಬೆ ಗ್ರೂಪ್ ಅಪ್ಪ, ಅಮ್ಮ ಇಬ್ಬರಿಂದಲೂ ಬರಬೇಕು. ಹಾಗಾಗಿ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಊರೆಲ್ಲಾ ಹುಡುಕುವ ಮೊದಲು ಮನೆಯಲ್ಲೇ ಹುಡುಕಬೇಕು, ಅಲ್ವಾ? ಇವರ ಅಪ್ಪ ಅಮ್ಮನದು ಸೋದರ ಸಂಬಂಧದ ಮದುವೆ. ಅಂಥ ಮನೆಗಳಲ್ಲಿ ಇದು ಕಾಣುವ ಸಂಭವ ಜಾಸ್ತಿ.

ನಾಲ್ವರು ಒಡಹುಟ್ಟಿದವರು. ಮರುದಿನ ಇಬ್ಬರ ಸ್ಯಾಂಪಲ್ ತೆಗೆದೆವು. ತಮ್ಮನದು ಮಾಮೂಲಿ ಓ. ತಂಗಿಯದು ಬಾಂಬೆ! ಆದರೆ ಅವಳ ಹಿಮೋಗ್ಲೋಬಿನ್ 10.9. ರಕ್ತ ಕೊಡಲು 12.5 ಬೇಕು. ಅವಳು ಅಳುತ್ತಾ ಕೂತಳು. ಮೂರನೇ ದಿನ ಮುಂಬೈಯಿಂದ ಅಣ್ಣ ಬಂದರು, ಅಲ್ಲಿ ಹೋಟೆಲಿನಲ್ಲಿ ಕೆಲಸ. ಅವರದೂ ಬಾಂಬೆ. ಇನ್ನೊಬ್ಬ ಅಕ್ಕ ವಿದೇಶದಲ್ಲಿದ್ದರು.

ಅಣ್ಣ ಜೇಬಿನಿಂದ ರಕ್ತದಾನ ಶಿಬಿರದ ಮೂರು ಕಾರ್ಡು ತೆಗೆದರು. ಮೂರರಲ್ಲೂ ‘ಓ ಪಾಸಿಟಿವ್’. ಆ ರಕ್ತ ಯಾರಿಗೆ ಹೋಯಿತೋ ಗೊತ್ತಿಲ್ಲ. ಎಲ್ಲೋ ಒಬ್ಬ ಬಾಂಬೆ ರೋಗಿ ಕಾಯುತ್ತಿರುವಾಗ ಇಷ್ಟು ಅಪರೂಪದ ರಕ್ತ ಮಾಮೂಲಿ ಓ ಅಂತ ಹೋಗಿಬಿಟ್ಟಿತ್ತು. ಇವತ್ತಿಗೂ ನನಗೆ ಆ ಸಂಕಟ ಹೋಗಿಲ್ಲ. ರಿವರ್ಸ್ ಗ್ರೂಪಿಂಗ್‌ನಲ್ಲಿ ಓ ಕಣದ ಒಂದು ಟ್ಯೂಬ್ ಸರಿಯಾಗಿ ನೋಡಿದ್ದರೆ ಸಾಕಿತ್ತು.

ಅಣ್ಣನ ರಕ್ತ ಆ ಗರ್ಭಿಣಿಗೆ ಹಾಗೇ ಕೊಡುವಂತಿರಲಿಲ್ಲ. ರಕ್ತಸಂಬಂಧಿಗಳ ರಕ್ತದಲ್ಲಿರುವ ಬಿಳಿ ಕಣಗಳನ್ನು ರೋಗಿಯ ದೇಹ ತನ್ನವೇ ಎಂದು ಬಿಟ್ಟುಬಿಡಬಹುದು. ಆಮೇಲೆ ಅವು ಅಲ್ಲೇ ಬೆಳೆದು ರೋಗಿಯ ಮೇಲೇ ತಿರುಗಿಬೀಳುತ್ತವೆ. ಅದನ್ನು ತಪ್ಪಿಸಲು ಮೊದಲು ಯೂನಿಟ್‌ಗೆ ವಿಕಿರಣ ಹಾಯಿಸಬೇಕು. ನಮ್ಮಲ್ಲಿ ಆ ಯಂತ್ರ ಇರಲಿಲ್ಲ. ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿ, ರಾತ್ರಿ ವಾಪಸ್ ತರಿಸಿದೆವು. ಜೊತೆಗೆ ಡಾಕ್ಟರು ಐರನ್ ಡ್ರಿಪ್ ಶುರು ಮಾಡಿದ್ದರು. ಒಂದೇ ಯೂನಿಟ್‌ನಲ್ಲಿ ಹೆರಿಗೆ ಸುಸೂತ್ರವಾಗಿ ಆಯಿತು.

ಆವತ್ತಿನಿಂದ ಇಂಥ ಮನೆಗಳ ವಂಶಾವಳಿ ಬರೆಯುವುದೇ ನನ್ನ ಸಂಶೋಧನೆಯ ಮುಖ್ಯ ಕೆಲಸ. ಪ್ರತಿ ಆರು ತಿಂಗಳಿಗೆ ಫೋನ್ ನಂಬರ್ ಸರಿಯಿದೆಯೇ ಎಂದು ಕರೆ ಮಾಡಿ ನೋಡುತ್ತೇನೆ. ಐರನ್ ಮಾತ್ರೆ ತಿಂದ ತಂಗಿಯ ಹಿಮೋಗ್ಲೋಬಿನ್ ಈಗ 12.8. “ಯಾವಾಗ ಬೇಕಾದ್ರೂ ಕರೀರಿ ಡಾಕ್ಟ್ರೇ” ಎಂದಿದ್ದಾಳೆ.