ಇಲಿ ತಿಂದ ಬೆಕ್ಕುಗಳು

ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳನ್ನು ಸೇರಿಸಿಕೊಂಡು ನಾಟಕ ಮಾಡಿಸುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು, ‘ಒಂದು ಹಾಲ್ ಬಾಡಿಗೆಗೆ ತಗೋಬಾರದಾ?’ ಅಂತ. ತಗೋಬಹುದು. ಹನುಮಂತನಗರದ ಕೆ.ಎಚ್. ಕಲಾಸೌಧದಿಂದ ಹಿಡಿದು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದವರೆಗೆ ಬೆಂಗಳೂರಿನಲ್ಲಿ ರಂಗಮಂದಿರಗಳಿಗೇನೂ ಬರವಿಲ್ಲ. ಆದರೆ ತಿಂಗಳುಗಟ್ಟಲೆ ತಾಲೀಮಿಗೆ ಬಾಡಿಗೆ ಕಟ್ಟುತ್ತಾ ಕೂತರೆ ನಾಟಕಕ್ಕೆ ಅಂತ ಬಿಡಿಗಾಸೂ ಉಳಿಯುವುದಿಲ್ಲ. ಹಾಗಾಗಿ ಗಿರಿನಗರದ ನಮ್ಮ ಮನೆಯ ಹಾಲೇ ನಮ್ಮ ರಂಗ. ಸೋಫಾ, ಟೀಪಾಯಿ ಗೋಡೆಗೆ ಒತ್ತಿದರೆ 10 ಅಡಿಗೆ 12 ಅಡಿ ಸಿಗುತ್ತದೆ. ಹನ್ನೆರಡು ಹದಿಮೂರು ಮಕ್ಕಳಿಗೆ ಅಷ್ಟು ಸಾಕು.

ಕಷ್ಟ ಇರುವುದು ಹೊತ್ತಿನಲ್ಲಿ. ಶಾಲೆಗೆ ಹೋಗದ ಮಕ್ಕಳಿಗೆ ವಾರದ ದಿನಗಳಲ್ಲಿ ಬೆಳಗ್ಗೆ ಹತ್ತರಿಂದ ಹನ್ನೆರಡೂವರೆವರೆಗೆ ಬಿಡುವು. ಬನಶಂಕರಿಯಿಂದ, ಕನಕಪುರ ರಸ್ತೆಯಿಂದ, ಒಂದು ಕುಟುಂಬವಂತೂ ಯಲಹಂಕದಿಂದ, ಆಫೀಸಿನ ಟ್ರಾಫಿಕ್ ಇಳಿದ ಮೇಲೆ ಆರಾಮಾಗಿ ಬಂದು ಹೋಗಬಹುದು. ಆದರೆ ಮನೆಯ ಗಾಡಿ ಓಡುವುದೂ ಅದೇ ಹೊತ್ತಿಗೆ. ಸಂಪಿಗೆ ನೀರು ಬರುತ್ತದೆ, ಮೋಟರ್ ಹಾಕಬೇಕು, ವಾಷಿಂಗ್ ಮೆಷಿನ್ ಗಡಗಡ ಅನ್ನುತ್ತಿರುತ್ತದೆ, ಪಾತ್ರೆ ತೊಳೆಯುವ ಅಕ್ಕ ಬರುತ್ತಾರೆ, ಸಿಲಿಂಡರ್ ಬರುತ್ತದೆ, ನಮ್ಮ ಅತ್ತೆಯವರ ಅಡುಗೆ ನಡೆಯುತ್ತಿರುತ್ತದೆ. ಇಷ್ಟನ್ನೂ ನಿಲ್ಲಿಸಿ ತಾಲೀಮು ಮಾಡುತ್ತೇನೆಂದರೆ ಯಾರ ಮನೆಯಲ್ಲೂ ಆಗದ ಮಾತು. ಇವೆಲ್ಲ ನಡೆಯುತ್ತಿದ್ದರೂ ಕೆಡದಂಥ ನಾಟಕ ಆರಿಸಿಕೊಳ್ಳಬೇಕು.

ನಾವು ಆರಿಸಿದ್ದು ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ. ವಿಜಯನಗರದಲ್ಲಿ ಇಲಿ ಕಾಟ. ರಾಜ ಮನೆಮನೆಗೂ ಒಂದು ಬೆಕ್ಕು ಕೊಟ್ಟು, ಅದಕ್ಕೆ ಹಾಲಿಗೆ ಅಂತ ಒಂದು ಹಸುವನ್ನೂ ಕೊಡುತ್ತಾನೆ. ರಾಮಕೃಷ್ಣ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಡಿಸುತ್ತಾನೆ. ಆಮೇಲೆ ಅದು ಹಾಲು ಕಂಡರೆ ಓಡುತ್ತದೆ, ಹಾಲೆಲ್ಲ ಮನೆಯವರಿಗೆ! ಕತೆ ಎಲ್ಲರಿಗೂ ಗೊತ್ತು. ನನಗೆ ಹಿಡಿಸಿದ್ದು ಅದರ ಲೆಕ್ಕ. ಊರಿನ ಬೆಕ್ಕುಗಳು ನಾಲ್ಕಾದರೂ ಆದೀತು, ಹದಿನಾಲ್ಕಾದರೂ ಆದೀತು. ಒಬ್ಬನಿಗೆ ಜ್ವರ, ಇನ್ನೊಬ್ಬಳು ಅಜ್ಜಿ ಊರಿಗೆ ಹೋದಳು ಅಂದರೆ ಎರಡು ಬೆಕ್ಕು ಕಡಿಮೆ, ಅಷ್ಟೇ. ನಾಟಕದ ಹಿಂದಿನ ವಾರ ಹೊಸ ಕುಟುಂಬ ಸೇರಿದರೂ ಹಳೇ ದುಪಟ್ಟಾ ಜಡೆ ಹೆಣೆದು ಬಾಲ ಕಟ್ಟಿ ಮೇಳಕ್ಕೆ ಬಿಡಬಹುದು. ಮಾತಿರುವ ಪಾತ್ರ ಮೂರೇ: ರಾಜ, ರಾಮಕೃಷ್ಣ, ಮಂತ್ರಿ. ಆ ಮೂರನ್ನೂ ಇಬ್ಬಿಬ್ಬರು ಕಲಿತಿರಬೇಕು. ಈ ನಿಯಮವನ್ನು ಮಾತ್ರ ನಾನು ಸಡಿಲಿಸುವುದಿಲ್ಲ. ‘ನನ್ನ ಮಗಳೇ ಮಾಡ್ಬೇಕು’ ಅನ್ನುವ ಅಪ್ಪ ಅಮ್ಮಂದಿರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ.

ದೊಡ್ಡ ಮಕ್ಕಳ ವಿಷಯದಲ್ಲಿ ಇನ್ನೊಂದು ಗಮನಿಸಬೇಕು. ಹದಿನಾಲ್ಕು ತುಂಬಿದವರು ಎನ್‌ಐಒಎಸ್‌ನ, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ, ಸೆಕೆಂಡರಿ (ಹತ್ತನೇ ತರಗತಿ) ಪರೀಕ್ಷೆ ಕಟ್ಟುತ್ತಾರೆ. ಅದು ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಆ ತಿಂಗಳುಗಳಲ್ಲಿ ರಾಜನೂ ಸಿಗುವುದಿಲ್ಲ, ಮಂತ್ರಿಯೂ ಸಿಗುವುದಿಲ್ಲ. ನಾನು ಡಿಸೆಂಬರ್‌ನಲ್ಲಿ ಶುರು ಮಾಡಿ ಫೆಬ್ರವರಿಗೆ ಮುಗಿಸುತ್ತೇನೆ. ಆಗ ಮಳೆಯ ಕಾಟವೂ ಇರುವುದಿಲ್ಲ.

ನಮ್ಮ ಗುಂಪಿನಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಮಾತು ಕನ್ನಡವಲ್ಲ. ರಾಜನಾದ ಹುಡುಗನ ಮನೆಯಲ್ಲಿ ತೆಲುಗು. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ಅವನೇ ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ ಬರೆದವನು. ಅಂದಮೇಲೆ ರಾಜನಿಗೆ ಸಿಟ್ಟು ಬಂದಾಗ ಎರಡು ಸಾಲು ತೆಲುಗು ಬಂದರೆ ಯಾರ ಗಂಟೇನು ಹೋಯಿತು? ಹುಡುಗ ಆ ಎರಡು ಸಾಲಿಗೆ ಕಾದು ಕೂತಿರುತ್ತಿದ್ದ. ಅವನ ಕನ್ನಡದ ಸಾಲುಗಳೂ ಅದೇ ಜೋರಿನಲ್ಲಿ ಬರತೊಡಗಿದವು.

ಇನ್ನು ಕುಕ್ಕರ್. ನಮ್ಮತ್ತೆ ಹತ್ತೂಮುಕ್ಕಾಲಿಗೆ ಬೇಳೆ ಇಡುತ್ತಾರೆ, ಗಡಿಯಾರ ನೋಡುವುದೇ ಬೇಡ. ಮೊದಮೊದಲು ವಿಷಲ್ ಕೂಗಿದ ಕೂಡಲೇ ಮಕ್ಕಳು ನಕ್ಕು ದೃಶ್ಯ ಹಾಳಾಗುತ್ತಿತ್ತು. ಆಮೇಲೆ ಅದನ್ನೇ ಆಟ ಮಾಡಿದೆ. ವಿಷಲ್ ಬಂದರೆ ಇದ್ದವರು ಇದ್ದ ಹಾಗೇ ಕಲ್ಲಾಗಬೇಕು, ಸದ್ದು ಅಡಗುವವರೆಗೆ ರೆಪ್ಪೆ ಬಿಟ್ಟು ಬೇರೇನೂ ಆಡಿಸಬಾರದು. ನಾನು ಒಬ್ಬೊಬ್ಬರ ಹತ್ತಿರ ಹೋಗಿ ‘ಈಗ ಯಾರನ್ನ ನೋಡ್ತಿದೀಯ? ಭಾರ ಯಾವ ಕಾಲ ಮೇಲಿದೆ?’ ಅಂತ ಕೇಳುತ್ತಿದ್ದೆ. ರಂಗಶಿಬಿರಗಳಲ್ಲಿ ಸ್ತಬ್ಧಚಿತ್ರ ಅಂತ ಹೇಳಿಕೊಡುವುದು ಇದನ್ನೇ. ಬೇಳೆಗೆ ಮೂರು ವಿಷಲ್, ಅನ್ನಕ್ಕೆ ಎರಡು. ದಿನಕ್ಕೆ ಐದು ಸಲ ಬಿಟ್ಟಿ ಅಭ್ಯಾಸ.

ಮುಖವಾಡದ ಕತೆ ಸ್ವಲ್ಪ ಉದ್ದ. ಬಲೂನ್ ಊದಿ, ಅದರ ಮೇಲೆ ಹಳೇ ಪೇಪರಿನ ತುಂಡುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ನಾಲ್ಕೈದು ಪದರ ಹಚ್ಚಿ, ಒಣಗಿದ ಮೇಲೆ ಬಲೂನ್ ಒಡೆದು ಅರ್ಧಕ್ಕೆ ಕತ್ತರಿಸಿದರೆ ಎರಡು ಬೆಕ್ಕಿನ ಮುಖ. ಮೈದಾ ಅಂಟು ಅಗ್ಗ, ಮಕ್ಕಳ ಕೈಗೂ ಭಯವಿಲ್ಲ. ಟೆರೇಸಿನಲ್ಲಿ ಒಣಗಿಸಿ, ಕಿವಿ ಅಂಟಿಸಿ, ಬಣ್ಣ ಬಳಿದು ದಿವಾನದ ಕೆಳಗೆ ಜೋಡಿಸಿಟ್ಟಿದ್ದೆವು. ಒಂದು ಬೆಳಗ್ಗೆ ಎಳೆದು ನೋಡಿದರೆ ಅರ್ಧ ಬೆಕ್ಕುಗಳಿಗೆ ಕಿವಿಯಿಲ್ಲ, ಎರಡಕ್ಕೆ ಮೂಗೇ ಇಲ್ಲ. ಯುಟಿಲಿಟಿಯ ಪೈಪಿನ ಸಂದಿಯಿಂದ ಇಲಿ ಬಂದು ಮೈದಾ ತಿಂದು ಹೋಗಿತ್ತು. ಅತ್ತೆಯವರಿಗೆ ನಗು ತಡೆಯಲಾಗಲಿಲ್ಲ. ‘ಬೆಕ್ಕನ್ನ ಇಲಿ ತಿಂದ ಮನೆ ನಮ್ಮದೊಂದೇ ಕಣಮ್ಮ’ ಅಂದರು.

ಮೈದಾ ಅಂಟಿಗೆ ಮೈಲುತುತ್ತ ಹಾಕಿದರೆ ಹುಳ, ಇಲಿ ಮುಟ್ಟುವುದಿಲ್ಲ. ಬೈಂಡಿಂಗ್ ಮಾಡುವವರು ಹಾಗೇ ಮಾಡುತ್ತಿದ್ದರು. ಆದರೆ ಅದು ವಿಷ. ಐದು ವರ್ಷದವರು ಬೆರಳು ನೆಕ್ಕುವ ಜಾಗದಲ್ಲಿ ಅದರ ಹೆಸರೂ ಎತ್ತಬಾರದು. ಮುಖವಾಡ ಬೇಕೇ ಬೇಕು ಅನ್ನುವವರು ಫೆವಿಕಾಲಿಗೆ ನೀರು ಬೆರೆಸಿ ಬಳಸಿ, ಒಣಗಿದ ಮೇಲೆ ಮುಚ್ಚಳವಿರುವ ಡಬ್ಬದಲ್ಲಿ ಎತ್ತಿಡಿ. ನಾವು ಮತ್ತೆ ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ಮುಖವಾಡದೊಳಗಿನಿಂದ ಮಕ್ಕಳ ದನಿ ಹೊರಗೇ ಬರುತ್ತಿರಲಿಲ್ಲ. ಕಾಡಿಗೆಯಲ್ಲಿ ಮೀಸೆ ಎಳೆದರೆ ಬೆಕ್ಕಾಯಿತು, ಮುಖವೂ ಕಂಡಿತು.

ಹರಕು ಮುಖವಾಡಗಳನ್ನು ಕಸಕ್ಕೆ ಹಾಕಲು ಹೊರಟಾಗ ಗುಂಪಿನ ಏಳು ವರ್ಷದ ಹುಡುಗಿ ತಡೆದಳು. ‘ಆಂಟಿ, ಇದನ್ನ ಇಲಿಗಳಿಗೆ ಕೊಡಿ’ ಅಂದಳು. ಮೊದಲ ದೃಶ್ಯಕ್ಕೆ ಅದೇ ಆಯಿತು. ಇಲಿಗಳ ಮೇಳ ಕಿವಿಯಿಲ್ಲದ ಬೆಕ್ಕಿನ ಮುಖಗಳನ್ನು ಕೋಲಿಗೆ ಸಿಕ್ಕಿಸಿಕೊಂಡು ಮೆರವಣಿಗೆ ಬರುತ್ತದೆ. ಊರಲ್ಲಿ ಇಲಿ ಎಷ್ಟು ಕೊಬ್ಬಿವೆ ಅಂತ ವಿವರಿಸಲು ಮಂತ್ರಿಗೆ ಬರೆದಿದ್ದ ಅರ್ಧ ಪುಟದ ಮಾತನ್ನು ಪೂರ್ತಿ ಹೊಡೆದುಹಾಕಿದೆ. ನಾನು ಎಷ್ಟು ಯೋಚಿಸಿದ್ದರೂ ಇಂಥದ್ದು ಹೊಳೆಯುತ್ತಿರಲಿಲ್ಲ.

ಹಾಗೇ ಒಂದು ದಿನ ಫ್ಲಶ್ ಟ್ಯಾಂಕ್ ಸೋರಿ ಪ್ಲಂಬರ್ ಬಂದಿದ್ದರು. ಕೆಲಸ ಮುಗಿಸಿ, ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತು ಇಡೀ ನಾಟಕ ನೋಡಿದರು. ಚಪ್ಪಾಳೆ ತಟ್ಟಿ, ‘ಎಲ್ಲಾ ಚೆನ್ನಾಗಿದೆ ಮೇಡಂ, ಆದರೆ ಆ ಬೆಕ್ಕು ಹಾಲು ಯಾಕೆ ಕುಡಿಯಲ್ಲ?’ ಅಂದರು. ಹಾಲು ಸುಡುವುದನ್ನು ನಾವು ಮಾತಿನಲ್ಲಿ ಹೇಳಿ ದಾಟಿಸಿದ್ದೆವು, ಅವರಿಗೆ ಅದು ಮುಟ್ಟೇ ಇರಲಿಲ್ಲ. ಅಂದಿನಿಂದ ಸುಡುವ ದೃಶ್ಯ ರಂಗದ ನಡುವಿಗೆ ಬಂತು. ಕತೆ ಗೊತ್ತಿಲ್ಲದ ಒಬ್ಬರನ್ನು ಕೊನೆಯ ವಾರಕ್ಕೆ ಮೊದಲೇ ಕೂರಿಸಿ ತೋರಿಸಿ. ಅಪ್ಪ ಅಮ್ಮಂದಿರು ಈ ಕೆಲಸಕ್ಕೆ ಬಾರರು, ಅವರಿಗೆ ಮಗುವಿನ ಮಾತೆಲ್ಲ ಬಾಯಿಪಾಠ.

ಆ ದೃಶ್ಯ ಕಲಿಸಿದ್ದು ನಮ್ಮತ್ತೆ. ರಾಮಕೃಷ್ಣನ ಬೆಕ್ಕಾದ ಪುಟ್ಟ ಹುಡುಗ ಬಟ್ಟಲಿಗೆ ಬಾಯಿಟ್ಟ ಕೂಡಲೇ ಕಿರುಚುತ್ತಿದ್ದ. ಒಲೆ ಮುಂದಿನಿಂದಲೇ ಅತ್ತೆ, ‘ಬಾಯಿ ಸುಟ್ಟರೆ ಮೊದಲು ಕೂಗು ಬರಲ್ಲ ಮರಿ. ಉಸ್ ಅಂತ ಉಸಿರು ಒಳಗೆ ಎಳ್ಕೋತೀವಿ. ನಾಲಿಗೆ ಆಚೆ ಬರುತ್ತೆ. ಕಣ್ಣು ತುಂಬುತ್ತೆ. ಆಮೇಲೆ ಕೂಗು’ ಅಂದರು. ಅದೇ ಕ್ರಮದಲ್ಲಿ ಅವನು ಮಾಡಿದಾಗ ನನಗೇ ನಾಲಿಗೆ ಚುರ್ ಅಂದಿತು. ಬಟ್ಟಲಲ್ಲಿ ಹಾಲಿರಲಿಲ್ಲ, ಬಿಳೀ ಬಟ್ಟೆ ಇತ್ತು. ಬಿಸಿ ಹಾಲನ್ನಂತೂ ಮಕ್ಕಳ ಹತ್ತಿರ ತರಲೇಬಾರದು.

ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು ಅಂತ ರೆಕಾರ್ಡ್ ಮಾಡಿದ ಸಂಗೀತ ಕೈಬಿಟ್ಟೆವು. ಬಿ.ವಿ. ಕಾರಂತರು ಕೈಗೆ ಸಿಕ್ಕಿದ್ದರಿಂದೆಲ್ಲ ರಂಗಸಂಗೀತ ಹೊರಡಿಸುತ್ತಿದ್ದರು. ಆ ಧೈರ್ಯದ ಮೇಲೆ ಅಡುಗೆಮನೆಗೆ ನುಗ್ಗಿದೆವು. ಬಿದಿರಿನ ಮೊರದ ಮೇಲೆ ಉಗುರಾಡಿಸಿದರೆ ಇಲಿ ಓಡಿದ ಸದ್ದು. ಸ್ಟೀಲ್ ತಟ್ಟೆಗೆ ಸೌಟಿನಿಂದ ಹೊಡೆದರೆ ಅರಮನೆಯ ಗಂಟೆ. ಖಾಲಿ ನೀರಿನ ಕ್ಯಾನ್ ತಿರುಗಿಸಿಟ್ಟರೆ ಡಂಗುರ.

ಪ್ರದರ್ಶನ ನಮ್ಮದೇ ಟೆರೇಸಿನಲ್ಲಿ, ಸಂಜೆ ನಾಲ್ಕೂವರೆಗೆ. ನೋಡುವವರ ಬೆನ್ನು ಪಡುವಣಕ್ಕಿರುವಂತೆ ಚಾಪೆ ಹಾಸಿದರೆ ಇಳಿಬಿಸಿಲು ನೇರ ಮಕ್ಕಳ ಮುಖಕ್ಕೆ ಬೀಳುತ್ತದೆ, ಬೇರೆ ಲೈಟು ಬೇಡ. ಪ್ಯಾರಾಪೆಟ್‌ನಿಂದ ನಾಲ್ಕಡಿ ಒಳಗೆ ಹಗ್ಗ ಕಟ್ಟಿ, ಅದರಾಚೆ ಯಾವ ಬೆಕ್ಕೂ ಹೋಗಕೂಡದು ಅಂತ ಕಟ್ಟಪ್ಪಣೆ ಮಾಡಿದ್ದೆ. ನೀರಿನ ಟ್ಯಾಂಕಿನ ಹಿಂದೆ ನೇಪಥ್ಯ. ಜೆ.ಪಿ. ನಗರದ ರಂಗಶಂಕರದಲ್ಲಿ ಶುರುವಾದ ಮೇಲೆ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ, ಅವರಿಗೆ ಆ ಪದ್ಧತಿ ಬಹಳ ಹಿಡಿಸಿತ್ತು. ಟೆರೇಸಿನ ಬಾಗಿಲಿಗೂ ಅದೇ ಜಾರಿಗೆ ತಂದರು. ನಮ್ಮ ಯಜಮಾನರು ಮೆಟ್ಟಿಲ ಮೇಲೇ ಕೂತು ಮೊದಲ ದೃಶ್ಯವನ್ನು ಕಿವಿಯಲ್ಲೇ ನೋಡಿದರು.

ಖರ್ಚನ್ನು ಕುಟುಂಬಗಳು ಸಮನಾಗಿ ಹಂಚಿಕೊಂಡವು. ದೊಡ್ಡ ಖರ್ಚೆಂದರೆ ಚಿಕ್ಕಪೇಟೆಯಿಂದ ತಂದ ಲೈನಿಂಗ್ ಬಟ್ಟೆ, ಆಮೇಲೆ ಎಲ್ಲರಿಗೂ ಉಪ್ಪಿಟ್ಟು ಕೇಸರಿಬಾತು. ಮುಂದಿನ ವರ್ಷಕ್ಕೆ ಮಕ್ಕಳು ದೆವ್ವದ ಕತೆ ಕೇಳುತ್ತಿದ್ದಾರೆ. ಮೇಳಕ್ಕೆ ಜಾಗ ಇರುವ ದೆವ್ವ ಹುಡುಕುತ್ತಿದ್ದೇನೆ. ಒಂಟಿ ದೆವ್ವವಾದರೆ ಜ್ವರ ಬಂದಾಗ ಕಷ್ಟ.